ಅಂಬ್ರಪ್ಪನ ಮನೆಪ್ರಶ್ನೆ

ಶಹಾಪುರದ ಹಳೇ ಬಸ್ ನಿಲ್ದಾಣದ ಎದುರಿಗಿರುವ ಸುಲ್ತಾನಸಾಬನ ಚಹಾದಂಗಡಿಯಲ್ಲಿ ಹದಿನಾಲ್ಕು ವರ್ಷಗಳಿಂದ ಒಂದು ನಂಬಿಕೆ ಭೌತಶಾಸ್ತ್ರದ ನಿಯಮದಷ್ಟೇ ಗಟ್ಟಿಯಾಗಿ ನಿಂತಿತ್ತು: ಅಂಬ್ರಪ್ಪನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ನಿಯಮವನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ಪರೀಕ್ಷಿಸುವ ಅವಕಾಶವನ್ನು ಅಂಬ್ರಪ್ಪ ಕೊಟ್ಟಿರಲೂ ಇಲ್ಲ. ಅವನು ಜಾಗಟೆ ನ್ಯೂಸ್ ಎಂಬ ವಾಹಿನಿಯ ವರದಿಗಾರ. ಪ್ರಶ್ನೆ ಕೇಳುವುದು ಅವನ ಕಸುಬು. ಯಾರಾದರೂ ಅವನನ್ನೇ ಏನಾದರೂ ಕೇಳಿದರೆ, ಕೈಯಲ್ಲಿ ಮೈಕು ಇರಲಿ ಇಲ್ಲದಿರಲಿ, ಮುಷ್ಟಿಯನ್ನು ಅವರ ಬಾಯಿಯ ಹತ್ತಿರ ಒಯ್ದು, "ನಿಮಗೇನ ಅನ್ನಸ್ತದ?" ಎನ್ನುತ್ತಿದ್ದ. ಕೇಳಿದವನು ತನಗೆ ಅನ್ನಿಸಿದ್ದನ್ನು ಹೇಳುತ್ತಿದ್ದ. ಅಂಬ್ರಪ್ಪ ಗಂಭೀರವಾಗಿ ತಲೆಯಾಡಿಸುತ್ತಿದ್ದ. ಕೇಳಿದವನು ಅಂಬ್ರಪ್ಪನ ಜ್ಞಾನಕ್ಕೆ ಬೆರಗಾಗಿ ಅವನಿಗೆ ಚಹಾ ಕುಡಿಸಿ ಹೋಗುತ್ತಿದ್ದ.

ಹೀಗಿರುವಾಗ ಬೆಂಗಳೂರಿನಿಂದ ಕರೆ ಬಂತು. ಜಾಗಟೆಯ ಸೋದರ ವಾಹಿನಿಯಲ್ಲಿ 'ಹೇಳಿ ಗೆಲ್ಲಿ' ಎಂಬ ರಸಪ್ರಶ್ನೆ ಕಾರ್ಯಕ್ರಮ ನಡೆಯುತ್ತಿತ್ತು. ಒಂದು ಕಂತು ಟೀವಿ ಪತ್ರಕರ್ತರಿಗೇ ಮೀಸಲು. ಈ ಕಡೆಯಿಂದಲೂ ಒಬ್ಬರಿರಲಿ ಎಂದು ಅಂಬ್ರಪ್ಪನನ್ನು ಆರಿಸಿದ್ದರು. ಸುದ್ದಿ ಕೇಳಿದ ಸುಲ್ತಾನಸಾಬ ಅಂದಿನ ಚಹಾಕ್ಕೆ ಏಲಕ್ಕಿ ಹಾಕಿದ.

ಹೊರಡುವ ಮುನ್ನಾದಿನ ಅತ್ತೆ ಅಯ್ಯಮ್ಮ ಕೊಂಕಲ್‌ನಿಂದ ಬಂದಳು. ಆಶೀರ್ವಾದ ಮಾಡಲು ಬಂದವಳಲ್ಲ. ಕೊಂಕಲ್ ಉಪಕಾಲುವೆಯ ಕೊನೆಯ ತೂಬಿನ ಕೆಳಗೆ ಅವಳದು ಎರಡೆಕರೆ ಶೇಂಗಾ. ಅವಳಂಥವರದು ಇನ್ನೂ ನಲವತ್ತು ಮನೆ. ಮೇಲಿನವರ ಗದ್ದೆಗೆಲ್ಲ ನೀರು ಏರಿ, ಪಂಪುಗಳೆಲ್ಲ ಹೀರಿ, ಕೊನೆಯ ತೂಬಿಗೆ ಬರುವ ಹೊತ್ತಿಗೆ ಕಾಲುವೆಯಲ್ಲಿ ಕಾಲುವೆ ಮಾತ್ರ ಉಳಿದಿರುತ್ತಿತ್ತು. ಶೇಂಗಾ ಗಿಡದ ಸ್ವಭಾವ ವಿಚಿತ್ರ: ಹೂವು ಬಿಡುವುದು ಮೇಲೆ, ಕಾಯಿ ಕಟ್ಟುವುದು ನೆಲದೊಳಗೆ. ಹೂವು ಉದುರಿದ ಮೇಲೆ ಅದರ ಬುಡದಿಂದ ಸೂಜಿಯಂಥ ಒಂದು ಕುಡಿ ಇಳಿದು ಮಣ್ಣನ್ನು ಚುಚ್ಚಿ ಒಳಹೋಗಬೇಕು. ಮಣ್ಣು ಒಣಗಿ ಕಲ್ಲಾಗಿದ್ದರೆ ಅದು ಒಳಹೋಗುವುದಿಲ್ಲ, ಕಾಯಿಯೂ ಇಲ್ಲ.

"ಹೂ ಬಿಡಾಕತ್ತಾವ. ಇನ್ನ ಇಪ್ಪತ್ತ ದಿನದಾಗ ನೀರು ಬರಲಿಲ್ಲಂದ್ರ ಸೂಜಿ ಇಳಿಯಂಗಿಲ್ಲ," ಎಂದಳು ಅಯ್ಯಮ್ಮ. "ನೀ ಟೀವಿಯಾಗ ಹಾಕ್ತೀನಿ ಅಂದಿದ್ದೆಲ್ಲ, ಎಲ್ಲಿಗಿ ಬಂತು?"

ಅಂಬ್ರಪ್ಪ ವರದಿ ಕಳಿಸಿದ್ದು ನಿಜ, ಒಂದಲ್ಲ ಮೂರು ಸಲ. ಬೆಂಗಳೂರಿನ ಸುದ್ದಿ ಡೆಸ್ಕಿನವರು ಮೂರು ಸಲವೂ ಹಾಕಿರಲಿಲ್ಲ. ಕಾಲುವೆಯ ಕೊನೆಗೆ ನೀರು ಮುಟ್ಟುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಎಲ್ಲರಿಗೂ ಗೊತ್ತಿರುವುದು ಸುದ್ದಿಯಲ್ಲ, ಎಂದಿದ್ದರು. ಹದಿನಾಲ್ಕು ವರ್ಷ ಕೇಳಿ ಕೇಳಿ ಈ ಸೂತ್ರ ಅಂಬ್ರಪ್ಪನ ರಕ್ತಕ್ಕೇ ಇಳಿದಿತ್ತು. ಬೆಂಗಳೂರಿನಿಂದ ಬಂದ ಮೇಲೆ ನೋಡೋಣವೆಂದು ಅತ್ತೆಗೆ ಹೇಳಿ, ಅವನು ಬಸ್ಸಿನಲ್ಲಿ ಭೀಮಾ ಸೇತುವೆ ದಾಟಿ ಯಾದಗಿರಿ ಸೇರಿ ರೈಲು ಹತ್ತಿದ.

ಬೆಂಗಳೂರಿನ ಸ್ಟುಡಿಯೋದಲ್ಲಿ ಅವನ ಜೊತೆ ಇನ್ನಿಬ್ಬರು ಸ್ಪರ್ಧಿಗಳಿದ್ದರು. ಇಬ್ಬರ ಮುಖವೂ ರಾಜ್ಯಕ್ಕೆಲ್ಲ ಪರಿಚಿತ. ರಾತ್ರಿ ಒಂಬತ್ತರ ಸುದ್ದಿ ಓದುವ ಹೆಣ್ಣುಮಗಳಿಗೆ ಸೂರ್ಯನ ಸುತ್ತ ಎಷ್ಟು ಗ್ರಹಗಳಿವೆ ಎಂದು ಕೇಳಿದರು. ಆಕೆ ಕ್ಯಾಮೆರಾ ನೋಡಿ, "ಮೂಲಗಳ ಪ್ರಕಾರ ಎಂಟು, ಒಂಬತ್ತು ಎಂಬ ಮಾತೂ ಕೇಳಿಬರುತ್ತಿದ್ದು, ಇನ್ನಷ್ಟೇ ಖಚಿತವಾಗಬೇಕಿದೆ," ಎಂದರು. ಅಪರಾಧ ವರದಿಗಾರನಿಗೆ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದು ಕೇಳಿದರು. ಆತ ಸ್ವಲ್ಪ ಹೊತ್ತು ಯೋಚಿಸಿ, ತನಿಖೆ ಮುಂದುವರಿದಿದೆ ಎಂದ.

ಅಂಬ್ರಪ್ಪನ ಸರದಿ ಬಂತು. ಯಾರೂ ಬರಿಗೈಯಲ್ಲಿ ಹೋಗಬಾರದೆಂದು ಅವರಲ್ಲೊಂದು ಪದ್ಧತಿ: ಮೊದಲ ಪ್ರಶ್ನೆ ಸ್ಪರ್ಧಿಯ ಊರಿನದೇ ಇರುತ್ತದೆ. ಅದಕ್ಕೆ ಮನೆಪ್ರಶ್ನೆ ಎಂದು ಹೆಸರು; ಮೊದಲಿನಿಬ್ಬರೂ ಅದನ್ನು ದಾಟಿಯೇ ಮುಂದೆ ಎಡವಿದ್ದರು.

"ಅಂಬ್ರಪ್ಪನವರೇ, ನಾರಾಯಣಪುರ ಎಡದಂಡೆ ಕಾಲುವೆ ನಿಮ್ಮ ಭಾಗದ ಜೀವನಾಡಿ. ಅದರಲ್ಲಿ ಹರಿಯುವುದು ಯಾವ ನದಿಯ ನೀರು? ಕೃಷ್ಣಾ, ಭೀಮಾ, ತುಂಗಭದ್ರಾ, ಗೋದಾವರಿ."

ಇಲ್ಲಿ ಅಂಬ್ರಪ್ಪನಿಗೆ ನ್ಯಾಯ ಒದಗಿಸಬೇಕು. ಅವನಿಗೆ ಉತ್ತರ ಗೊತ್ತಿತ್ತು. ಶಹಾಪುರದಲ್ಲಿ ಅಂಬೆಗಾಲಿಡುವ ಕೂಸಿಗೂ ಅದು ಗೊತ್ತು. 'ಕೃ' ಎಂಬ ಅಕ್ಷರ ಅವನ ನಾಲಿಗೆಯ ತುದಿಗೆ ಬಂದದ್ದನ್ನು ದೃಶ್ಯ ನಿಲ್ಲಿಸಿ ನೋಡಿದರೆ ಈಗಲೂ ಕಾಣಬಹುದು. ಅಷ್ಟರಲ್ಲಿ ಕಸುಬು ಅಡ್ಡ ಬಂತು. ಎಲ್ಲರಿಗೂ ಗೊತ್ತಿರುವುದು ಸುದ್ದಿಯಲ್ಲ. ಸುದ್ದಿಯಲ್ಲದ್ದನ್ನು ಟೀವಿಯವರು ಕೇಳುವುದಿಲ್ಲ. ಆದ್ದರಿಂದ ಉತ್ತರ ಕೃಷ್ಣಾ ಆಗಿರಲು ಸಾಧ್ಯವಿಲ್ಲ. ತಾನು ರೈಲಿನಲ್ಲಿದ್ದ ಹತ್ತು ತಾಸಿನಲ್ಲಿ ಸರ್ಕಾರ ಏನನ್ನೋ ಬದಲಾಯಿಸಿದೆ. ಇಪ್ಪತ್ತೆರಡು ಸೆಕೆಂಡುಗಳಲ್ಲಿ ಈ ತರ್ಕವನ್ನು ಲೋಪವಿಲ್ಲದೆ ಮುಗಿಸಿ, ಹಿಂದಿನ ದಿನವಷ್ಟೇ ದಾಟಿ ಬಂದ ನದಿಯನ್ನು ನೆನೆದು, "ಭೀಮಾ," ಎಂದ.

"ಮುದ್ರೆ ಒತ್ತಲೇ?" ನಿರೂಪಕ ಕೇಳಿದ. ಉತ್ತರವನ್ನು ಖಾಯಂ ಮಾಡುವ ಮೊದಲು ಕೇಳುವ ಅವನ ಪ್ರಸಿದ್ಧ ಮಾತು ಅದು.

"ಒತ್ರಿ."

ಅಂಬ್ರಪ್ಪನನ್ನು ಹೊರಗೆ ಕಳಿಸುವಾಗ ಸಮಾಧಾನಕ್ಕೆಂದು ಒಂದು ಕುಕ್ಕರು ಕೊಟ್ಟರು. ಒಂದು ಕಾಗದಕ್ಕೆ ಸಹಿಯನ್ನೂ ಹಾಕಿಸಿಕೊಂಡರು: ಕಾರ್ಯಕ್ರಮ ಪ್ರಸಾರವಾಗುವ ತನಕ, ಅಂದರೆ ಹದಿಮೂರು ದಿನ, ಫಲಿತಾಂಶವನ್ನು ಯಾರಿಗೂ ಹೇಳಬಾರದು, ಹೇಳಿದರೆ ಕಾನೂನು ಕ್ರಮ.

ಊರಿಗೆ ಬಂದಿಳಿದ ಅಂಬ್ರಪ್ಪ ಏನು ಕೇಳಿದರೂ ಬಾಯಿ ಬಿಡಲಿಲ್ಲ. ಸುಲ್ತಾನಸಾಬ ಅವನ ಮುಖವನ್ನು ಎರಡು ಕಡೆಯಿಂದಲೂ ನೋಡಿ, ಸೋತವರು ಬಂದ ತಕ್ಷಣ ನಿರೂಪಕನನ್ನು ಬೈಯುತ್ತಾರೆ, ಇವನು ಬೈಯುತ್ತಿಲ್ಲ, ಆದ್ದರಿಂದ ಗೆದ್ದಿದ್ದಾನೆ ಎಂದು ತೀರ್ಪು ಕೊಟ್ಟ. ಸಂಜೆಯ ಹೊತ್ತಿಗೆ ಅಂಬ್ರಪ್ಪ ಹನ್ನೆರಡು ಪ್ರಶ್ನೆ ಗೆದ್ದಿದ್ದ. ಮರುದಿನ ಬೆಳಗ್ಗೆ ಹದಿನೈದು.

ಮೂರನೆಯ ದಿನ ತಡೆಯಲಾಗದೆ, ಕಾನೂನು ಏನಾದರೂ ಮಾಡಿಕೊಳ್ಳಲಿ ಎಂದು, ಅವನು ಬಾಗಿಲು ಹಾಕಿ ಹೆಂಡತಿ ಸುಂದ್ರಮ್ಮನಿಗೆ ಇದ್ದದ್ದು ಇದ್ದಂತೆ ಹೇಳಿಬಿಟ್ಟ: ಮೊದಲನೇ ಪ್ರಶ್ನೆಗೇ ಸೋತಿದ್ದೇನೆ. ಸುಂದ್ರಮ್ಮ ಅವನನ್ನೂ ಕುಕ್ಕರನ್ನೂ ಬಹಳ ಹೊತ್ತು ನೋಡಿದಳು.

"ನನ್ನ ಮುಂದೂ ಹಿಂಗ ಹೇಳ್ತೀಯಲ್ಲ," ಎಂದಳು. "ಸುರಪುರದ ನಮ್ಮ ಕಾಕಾ ಬಂದು ರೊಕ್ಕ ಕೇಳ್ಯಾನು ಅಂತ ಅಂಜಿಕಿ ನಿನಗ. ಸೋತವ್ರಿಗಿ ಯಾರರ ಐದ ಲೀಟರಿನ ಕುಕ್ಕರ ಕೊಡ್ತಾರೇನು?"

ನಿಜವನ್ನು ಹೇಳಿದ ಮೇಲೆ ಅವನ ಗೆಲುವು ಇನ್ನಷ್ಟು ಗಟ್ಟಿಯಾಯಿತು. ಮನೆಯವಳಿಗೂ ಸೋತೆನೆಂದೇ ಹೇಳುತ್ತಿದ್ದಾನೆಂದರೆ ಎಷ್ಟು ದೊಡ್ಡದು ಗೆದ್ದಿರಬೇಕು ಎಂದು ಓಣಿಯೇ ದಂಗಾಯಿತು. ಹೈಸ್ಕೂಲಿನಲ್ಲಿ ಅವನಿಗೆ ವಿಜ್ಞಾನ ಕಲಿಸಿದ ನಿವೃತ್ತ ಹಣಮಂತ್ರಾಯ ಮಾಸ್ತರರು ಮನೆಗೇ ಬಂದು, ಸನ್ಮಾನಕ್ಕೆ ಶಾಲು ತಂದಿರುವುದಾಗಿ ತಿಳಿಸಿದರು. ಅಂಬ್ರಪ್ಪ ಅವರ ಕಾಲು ಹಿಡಿದು ಬೇಡವೆಂದ. ಅದನ್ನು ಅವರು ನಮಸ್ಕಾರವೆಂದು ಸ್ವೀಕರಿಸಿದರು.

ಈ ಗೆಲುವಿನ ವಾಸನೆ ಕೊಂಕಲ್‌ಗೂ ಮುಟ್ಟಿತು. ಕಾಲುವೆಗೆ ಬಿಟ್ಟ ನೀರು ಹದಿನೇಳು ದಿನವಾದರೂ ಮುಗಿಸದಿದ್ದ ದಾರಿಯನ್ನು ಈ ಸುದ್ದಿ ಒಂದು ಹಗಲಿನಲ್ಲಿ ಕ್ರಮಿಸಿತ್ತು. ಅಯ್ಯಮ್ಮ ಹತ್ತು ಜನರನ್ನು ಕಟ್ಟಿಕೊಂಡು ಬಂದು, ಅಳಿಯನನ್ನು ಮುಂದೆ ಮಾಡಿಕೊಂಡು, ಕಾಲುವೆಯ ಎಂಜಿನಿಯರ್ ಜಗದೇವಪ್ಪನವರ ಕಚೇರಿಗೆ ನಡೆದಳು.

ಜಗದೇವಪ್ಪ ದಾಖಲೆಯ ಮನುಷ್ಯ. ಕೊಂಕಲ್ ಕೊನೆಯ ತೂಬಿನಲ್ಲಿ ನೀರಿನ ಮಟ್ಟ ಎರಡೂವರೆ ಅಡಿ ಎಂದು ಅವರ ಗೋಡೆಯ ಹಲಗೆಯ ಮೇಲೆ ಬರೆದಿತ್ತು. ಬಣ್ಣದಲ್ಲಿ ಬರೆದದ್ದರಿಂದ ಅದು ವರ್ಷವಿಡೀ ಇಳಿಯುತ್ತಿರಲಿಲ್ಲ. ಹಿಂದೆ ಅಂಬ್ರಪ್ಪ ಬಂದಾಗಲೆಲ್ಲ ಅವರು ಹಲಗೆಯನ್ನು ತೋರಿಸಿ ಕಳಿಸುತ್ತಿದ್ದರು. ಈ ಸಲ ಕುರ್ಚಿ ತರಿಸಿದರು, ಚಹಾ ತರಿಸಿದರು. ಆಮೇಲೆ ಮೆಲ್ಲಗೆ, ಕಾರ್ಯಕ್ರಮದಲ್ಲಿ ನಮ್ಮ ಕಾಲುವೆಯ ಮಾತೇನಾದರೂ ಬಂತೇ ಎಂದು ಕೇಳಿದರು.

"ಬಂತ್ರಿ," ಎಂದ ಅಂಬ್ರಪ್ಪ. ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. "ಮೊದಲನೇ ಮಾತಽ ಅದು."

ಜಗದೇವಪ್ಪ ತಮ್ಮ ಚಹಾವನ್ನೂ ಅಂಬ್ರಪ್ಪನ ಕಡೆ ಸರಿಸಿದರು. ರಾಜ್ಯವೇ ನೋಡುವ ಕಾರ್ಯಕ್ರಮದಲ್ಲಿ ಈ ಮನುಷ್ಯ ತಮ್ಮ ಕಾಲುವೆಯ ಬಗ್ಗೆ ಏನು ಹೇಳಿರಬಹುದು, ಮೇಲಧಿಕಾರಿಗಳು ಯಾರು ಯಾರು ನೋಡಬಹುದು ಎಂದು ಅವರು ಲೆಕ್ಕ ಹಾಕಿದ್ದು ಹಣೆಯ ಮೇಲೆ ಕಾಣುತ್ತಿತ್ತು. ರವಿವಾರ ಕಾರ್ಯಕ್ರಮ ಆಗಲಿ, ಸೋಮವಾರ ತಾವೇ ನಿಂತು ಮೇಲಿನ ಪಂಪುಗಳನ್ನು ತೆಗೆಸಿ ಕೊಂಕಲ್‌ಗೆ ನೀರು ಹರಿಸುವುದಾಗಿ ಹತ್ತು ಜನರ ಮುಂದೆ ಮಾತು ಕೊಟ್ಟರು. ಹೊರಗೆ ಬಂದ ಮೇಲೆ ಅಯ್ಯಮ್ಮ ಅಳಿಯನ ಬೆನ್ನ ಮೇಲೆ ಕೈಯಾಡಿಸಿದಳು. ಮದುವೆಯಾದ ಮೇಲೆ ಅದೇ ಮೊದಲು. ಸೋಮವಾರಕ್ಕೆ ಸೂಜಿ ಇಳಿಯಲು ಇನ್ನೂ ಐದು ದಿನ ಉಳಿದಿರುತ್ತಿದ್ದವು.

ರವಿವಾರ ಸಂಜೆ ಏಳಕ್ಕೆ ಸುಲ್ತಾನಸಾಬನ ಅಂಗಡಿಯ ಮುಂದೆ ಬಿಳೀ ಪರದೆ ಕಟ್ಟಿದರು. ಸುರಪುರದಿಂದ ಕಾಕಾ ಎರಡು ಜೀಪು ತುಂಬ ಬಂದ. ಕೊಂಕಲ್‌ನಿಂದ ಟ್ರ್ಯಾಕ್ಟರ್ ಬಂತು. ಮುಂದಿನ ಸಾಲಿನಲ್ಲಿ ಜಗದೇವಪ್ಪ, ಅವರ ಪಕ್ಕದಲ್ಲಿ ತೊಡೆಯ ಮೇಲೆ ಶಾಲು ಮಡಿಸಿಟ್ಟುಕೊಂಡ ಹಣಮಂತ್ರಾಯ ಮಾಸ್ತರರು, ನಡುವೆ ಹೂವಿನ ಹಾರದೊಳಗೆ ಅಂಬ್ರಪ್ಪ. ಅವನು ಎರಡು ಸಲ ಎದ್ದು ಹೋಗಲು ನೋಡಿದ. ಎರಡು ಸಲವೂ ಸಂಕೋಚದ ಮನುಷ್ಯನೆಂದು ಹಿಡಿದು ಕೂಡಿಸಿದರು.

ಪರದೆಯ ಮೇಲೆ ಅವನ ಮುಖ ಬಂದಾಗ ಶಿಳ್ಳೆ ಎದ್ದಿತು. ಪ್ರಶ್ನೆ ಬಂದಾಗ ನಕ್ಕರು. ಇದೂ ಒಂದು ಪ್ರಶ್ನೆಯೇ ಎಂದು ಮಾಸ್ತರರು ಪಕ್ಕದವರಿಗೆ ಹೇಳಿದರು. ನಾನ್ನೂರು ಜನ ಒಂದೇ ಬಾಯಿಯಲ್ಲಿ, "ಕೃಷ್ಣಾ," ಎಂದರು.

"ಭೀಮಾ," ಎಂದಿತು ಪರದೆ.

ಒಲೆಯ ಮೇಲಿನ ಚಹಾ ಉಕ್ಕಿ ಹರಿದು ಬೆಂಕಿ ಆರಿಸಿದ್ದು ಕೊನೆಯ ಸಾಲಿನವರಿಗೂ ಕೇಳಿಸಿತು. ಪರದೆಯ ಮೇಲೆ ನಿರೂಪಕ ಅಂಬ್ರಪ್ಪನನ್ನು, ನೀವು ಈ ಕಾಲುವೆಯ ಬಗ್ಗೆ ಎಷ್ಟು ವರ್ಷದಿಂದ ವರದಿ ಮಾಡುತ್ತಿದ್ದೀರಿ ಎಂದು ಕೇಳುತ್ತಿದ್ದ. ಅಂಬ್ರಪ್ಪ, ಹದಿನಾಲ್ಕು ವರ್ಷದಿಂದ, ದಿನಾಲೂ, ಎಂದು ಅಭಿಮಾನದಿಂದ ಹೇಳುತ್ತಿದ್ದ. ಹಣಮಂತ್ರಾಯ ಮಾಸ್ತರರು ಶಾಲನ್ನು ಬಿಚ್ಚಿ ತಮಗೇ ಹೊದ್ದುಕೊಂಡರು. ಅವರಿಗೆ ಚಳಿ ಹತ್ತಿತ್ತು. ಸುರಪುರದ ಕಾಕಾ ಜೀಪು ಚಾಲೂ ಮಾಡಿದ. ಸುಂದ್ರಮ್ಮ ಗಂಡನ ಕಡೆ ತಿರುಗಿ, ಅವನು ಖರೆ ಹೇಳಿದ್ದನಲ್ಲ ಎಂಬ ಹೊಸ ಆಘಾತದಿಂದ ನೋಡುತ್ತಿದ್ದಳು. ಜಗದೇವಪ್ಪ ಮಾತ್ರ ನಿಧಾನವಾಗಿ ಎದ್ದರು. ಕಚೇರಿಯಲ್ಲಿ ಮಾತು ಕೊಟ್ಟ ದಿನದಿಂದ ಅವರ ಮುಖದ ಮೇಲೆ ಮೊದಲ ಸಲ ನೆಮ್ಮದಿ ಇತ್ತು.

ಸೋಮವಾರ ಅವರು ಕೊಂಕಲ್‌ಗೆ ಬರಲಿಲ್ಲ. ಅಂಬ್ರಪ್ಪನೇ ಅಯ್ಯಮ್ಮನೊಂದಿಗೆ ಕಚೇರಿಗೆ ಹೋದ. ಕುರ್ಚಿ ಇರಲಿಲ್ಲ.

"ಕೆನಾಲಿನಾಗ ಯಾವ ನದಿ ಹರೀತದಂತ ನಿಮಗಽ ಗೊತ್ತಿಲ್ಲ," ಎಂದರು ಜಗದೇವಪ್ಪ, ಹಲಗೆಯ ಕಡೆ ಬೆರಳು ಮಾಡಿ. "ನೀರು ಬಂದಿಲ್ಲಂತ ನೀವು ಹೇಳಿದ್ರ ನಾ ಹ್ಯಾಂಗ ನಂಬ್ಲಿ? ದಾಖಲೆಯಾಗ ಎರಡೂವರಿ ಅಡಿ ಅದ. ದಾಖಲೆ ಯಾವ ಸ್ಪರ್ಧೆಯಾಗೂ ಸೋತಿಲ್ಲ."

ಅಯ್ಯಮ್ಮ ಬಸ್ಸಿನಲ್ಲಿ, ಊರು ಮುಟ್ಟಿಸಲು ಬಂದಿದ್ದ ಅಳಿಯನ ಪಕ್ಕದ ಸೀಟು ಖಾಲಿ ಇದ್ದರೂ ಕೊಂಕಲ್ ತನಕ ನಿಂತೇ ಹೋದಳು.

ಊರಿನಲ್ಲಿ ಅಂಬ್ರಪ್ಪ ಚಹಾ ಕೇಳಿದರೆ ಸುಲ್ತಾನಸಾಬ ಸೌಟು ಹಿಡಿದು, ಸಕ್ಕರಿ ಹಾಕಲ್ಯಾ, ಮುದ್ರೆ ಒತ್ತಲ್ಯಾ ಎನ್ನುತ್ತಿದ್ದ. ಕ್ಷೌರದಂಗಡಿಯಲ್ಲಿ ಮೀಸೆಗೆ ನಾಲ್ಕು ಆಯ್ಕೆ ಕೊಟ್ಟರು. ಆ ಇಪ್ಪತ್ತೆರಡು ಸೆಕೆಂಡಿನ ತುಣುಕು ಯಾದಗಿರಿ ದಾಟಿ, ಕಲಬುರಗಿ ದಾಟಿ, ದುಬೈಯಲ್ಲಿ ದುಡಿಯುವ ಸುಲ್ತಾನಸಾಬನ ತಮ್ಮನ ಫೋನಿನ ಮೂಲಕ ಮತ್ತೆ ಶಹಾಪುರಕ್ಕೇ ಬಂತು.

ಮಂಗಳವಾರ ಬೆಳಗ್ಗೆ ಡೆಸ್ಕಿನಿಂದ ಕರೆ ಬಂತು. ಕೆಲಸ ಹೋಯಿತೆಂದೇ ಅಂಬ್ರಪ್ಪ ಅಂದುಕೊಂಡ. ಆದರೆ ಆ ಕಡೆಯ ದನಿಯಲ್ಲಿ ಹಬ್ಬದ ಸಡಗರವಿತ್ತು. ತುಣುಕನ್ನು ಲಕ್ಷಗಟ್ಟಲೆ ಜನ ನೋಡಿದ್ದಾರೆ. ಇದಕ್ಕಿಂತ ದೊಡ್ಡ ಸುದ್ದಿ ಈ ವಾರ ಇಲ್ಲ. ಹನ್ನೊಂದು ಗಂಟೆಗೆ ಕಾಲುವೆಯ ದಂಡೆಯಿಂದ ನೇರಪ್ರಸಾರ ಬೇಕು: ವರದಿಗಾರನ ಅಜ್ಞಾನದ ಬಗ್ಗೆ ಜನ ಏನೆನ್ನುತ್ತಾರೆ?

ವರದಿಗೆ ಯಾರನ್ನು ಕಳಿಸುತ್ತೀರಿ ಎಂದು ಅಂಬ್ರಪ್ಪ ಕೇಳಿದ.

"ಆ ಭಾಗಕ್ಕೆ ನಮ್ಮವರು ಅಂತ ಇರೋದು ನೀವೊಬ್ಬರೇ ಅಲ್ವಾ?" ಎಂದರು.

ಶಹಾಪುರದ ಜನರ ಬಾಯಿಗೆ ಮೈಕು ಹಿಡಿಯುವ ಧೈರ್ಯ ಅವನಿಗಿರಲಿಲ್ಲ. ಮೋಟರ್ ಸೈಕಲ್ ಹತ್ತಿ ಕೊಂಕಲ್‌ಗೆ ಹೋದ. ಕೊನೆಯ ತೂಬಿನ ಹತ್ತಿರ ಕೋಲಿಗೆ ಫೋನು ಕಟ್ಟಿ ನೆಟ್ಟು, ಕೂದಲು ಬಾಚಿಕೊಂಡು, ಬೇಲಿಯಾಚೆ ಗಿಡಗಳ ನಡುವೆ ಕೂತಿದ್ದ ಜನರನ್ನು ಕರೆದ. ಯಾರೂ ಏಳಲಿಲ್ಲ. ಹನ್ನೊಂದಕ್ಕೆ ಕಿವಿಯಲ್ಲಿ ಸ್ಟುಡಿಯೋ ತಾನಾಗಿಯೇ ಮಾತಾಡತೊಡಗಿತು. ಬೇರೆ ದಾರಿ ಕಾಣದೆ ಅವನು ಹತ್ತಿರವಿದ್ದ ಒಬ್ಬಳೇ ಒಬ್ಬಳ ಮುಂದೆ ಮೈಕು ಹಿಡಿದ. ಅವಳು ಅಯ್ಯಮ್ಮ.

"ಅಮ್ಮಾ, ನಿಮ್ಮೂರ ಕಾಲುವೆಯಲ್ಲಿ ಯಾವ ನದಿಯ ನೀರು ಹರಿಯುತ್ತದೆ? ವರದಿಗಾರರೊಬ್ಬರು ಭೀಮಾ ಎಂದಿದ್ದಾರೆ. ನಿಮಗೇನನ್ನಿಸುತ್ತದೆ?"

ಅಯ್ಯಮ್ಮ ಅವನನ್ನು ನೋಡಿದಳು. ಆಮೇಲೆ ಫೋನನ್ನು ನೋಡಿದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕಾಲುವೆಯೊಳಗೆ ಇಳಿದಳು. ಇಳಿದು, ಅದರ ನಡುವೆ ಹತ್ತು ಹೆಜ್ಜೆ ನಡೆದಳು. ಒಂದೊಂದು ಹೆಜ್ಜೆಗೂ ಧೂಳು ಎದ್ದಿತು. ಅಲ್ಲೇ ಮಲಗಿದ್ದ ಒಂದು ಆಡು ಬೇಸರದಿಂದ ಎದ್ದು ಸರಿದು ಮತ್ತೆ ಮಲಗಿತು.

"ಇಂವ ಭೀಮಾ ಅಂದ. ತಪ್ಪು ಅಂತ ರಾಜ್ಯ ಪೂರಾ ನಕ್ಕಿರಿ," ಎಂದಳು. "ಕೃಷ್ಣಾ ಅಂದಿದ್ರ ಸರಿ ಅಂತಿದ್ರಿ. ಇಲ್ಲಿ ಬಂದು ನಿಂತು ಹೇಳ್ರಿ, ಹ್ಯಾಂಗ ಸರಿ ಅದು? ಕೃಷ್ಣಾ ಇಲ್ಲ, ಭೀಮಾ ಇಲ್ಲ. ಯಾವ ನದಿದೂ ಇಲ್ಲ. ಇದು ನನ್ನ ಉತ್ತರ. ಒತ್ತು ಮುದ್ರೆ."

ಅಂಬ್ರಪ್ಪ ಎಂದಿನಂತೆ ಮುಷ್ಟಿ ಚಾಚಿ ಇನ್ನೊಬ್ಬರಿಗೆ ಏನನ್ನಿಸುತ್ತದೆ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಫೋನನ್ನು ಕೋಲಿನಿಂದ ಬಿಚ್ಚಿ, ತೂಬಿನ ಗೋಡೆಯ ಮೇಲೆ ನೀರಿನ ಮಟ್ಟ ಅಳೆಯಲು ಬರೆದ ಅಡಿಗೆರೆಗಳ ಹತ್ತಿರ ಒಯ್ದ. ಎರಡೂವರೆಯ ಗೆರೆಯ ಮೇಲೆ ಒಂದು ಓತಿಕ್ಯಾತ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿತ್ತು.

"ವೀಕ್ಷಕರೇ," ಎಂದ ಅಂಬ್ರಪ್ಪ. "ಕಚೇರಿಯ ದಾಖಲೆಯ ಪ್ರಕಾರ ಈ ಓತಿಕ್ಯಾತ ಈಗ ನೀರಿನಲ್ಲಿ ಮುಳುಗಿದೆ."

ಓತಿಕ್ಯಾತ ಕ್ಯಾಮೆರಾ ನೋಡಿ ಎರಡು ಸಲ ತಲೆಯಾಡಿಸಿತು. ಅಂಬ್ರಪ್ಪನ ಹದಿನಾಲ್ಕು ವರ್ಷದ ತಲೆಯಾಡಿಕೆಗಿಂತ ಅದು ಹೆಚ್ಚು ಗಂಭೀರವಾಗಿತ್ತು.

ಆ ದೃಶ್ಯವನ್ನು ಜಾಗಟೆಯವರು ಅಂದು ಮೂವತ್ತೊಂದು ಸಲ ತೋರಿಸಿದರು. ಕೊಂಕಲ್‌ಗೆ ನೀರಿಲ್ಲ ಎಂಬುದು ಆಗಲೂ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಮುಳುಗಿದ ಓತಿಕ್ಯಾತ ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಜಗದೇವಪ್ಪನವರಿಗೆ ಯಾರು ಫೋನು ಮಾಡಿದರು, ಏನೆಂದರು ಎಂಬುದು ತಿಳಿಯದು. ಅವರು ಊಟ ಬಿಟ್ಟು ಎದ್ದು ಹೋಗಿ, ಹಲಗೆಯ ಮೇಲಿನ ಬಣ್ಣವನ್ನು ತಾವೇ ಉಗುರಿನಿಂದ ಕೆರೆಯುತ್ತಿದ್ದುದನ್ನು ಕಂಡವರಿದ್ದಾರೆ. ಬುಧವಾರ ಮೇಲಿನ ಪಂಪುಗಳನ್ನು ತೆಗೆಸಿದರು. ಗುರುವಾರ ವಡಗೇರಾ ರಸ್ತೆಯ ತೂಬುಗಳ ಬಾಗಿಲು ಇಳಿಸಿ ಮುಚ್ಚಿಸಿದರು. ಅಂಬ್ರಪ್ಪನನ್ನು ದಾರಿಯಲ್ಲಿ ಕಂಡರೆ ಗಾಡಿ ತಿರುಗಿಸುತ್ತಿದ್ದರು.

ಶುಕ್ರವಾರ ಬೆಳಗ್ಗೆ ಸುಂದ್ರಮ್ಮ ಗಂಡನನ್ನು ಎಬ್ಬಿಸಿ, ಕೊಂಕಲ್‌ನಿಂದ ಅವ್ವನ ಫೋನು ಬಂದಿದೆ, ಈಗಲೇ ಬರಬೇಕಂತೆ ಎಂದಳು. ಅವನು ಹೋದಾಗ ನಲವತ್ತು ಮನೆಯವರೂ ದಂಡೆಯ ಮೇಲಿದ್ದರು. ಕಾಲುವೆಯಲ್ಲಿ, ಕೆಂಪು ನೊರೆಯನ್ನೂ ಒಣಗಿದ ಎಲೆಗಳನ್ನೂ ದಬ್ಬಿಕೊಂಡು, ಮೊಣಕಾಲುದ್ದದ ನೀರು ನಡೆದು ಬರುತ್ತಿತ್ತು. ಓತಿಕ್ಯಾತ ಬೇಲಿಯ ಮೇಲಕ್ಕೆ ವಾಸ್ತವ್ಯ ಬದಲಿಸಿತ್ತು.

ಅಯ್ಯಮ್ಮ ಸಲಿಕೆ ಊರಿಕೊಂಡು ನಿಂತಿದ್ದಳು. ಅಳಿಯನನ್ನು ಹತ್ತಿರ ಕರೆದು, ಈಗ ಹೇಳು, ಯಾವ ನದಿದು ಇದು ಎಂದಳು.

ಅಂಬ್ರಪ್ಪನ ಮುಷ್ಟಿ ತಾನಾಗಿಯೇ ಅವಳ ಬಾಯಿಯ ಕಡೆ ಏಳತೊಡಗಿತು. ಅಯ್ಯಮ್ಮ ಅದನ್ನು ನಡುದಾರಿಯಲ್ಲೇ ಹಿಡಿದು, ಬಗ್ಗಿಸಿ, ನೀರಿನಲ್ಲಿ ಅದ್ದಿದಳು. ಮುಷ್ಟಿ ಬಿಚ್ಚಿಕೊಂಡಿತು. ನೀರು ತಣ್ಣಗಿತ್ತು.

"ಕೃಷ್ಣಾ," ಎಂದ ಅವನು.

ಅಯ್ಯಮ್ಮ ನೀರು ಬರುತ್ತಿದ್ದ ದಿಕ್ಕನ್ನು ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು.

"ಈಗಽ ಮುದ್ರೆ ಒತ್ತಬ್ಯಾಡ," ಎಂದಳು. "ಇನ್ನ ಎರಡ ದಿನ ಹರೀಲಿ."